ಗದ್ದಲ, ಇಂಪು ಮತ್ತು ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಗಣೇಶನ ಮೆರವಣಿಗೆ, ದೀಪಾವಳಿ, ಜಾತ್ರೆ, ಮದುವೆ, ಪಕ್ಕದ ನಿವೇಶನದಲ್ಲಿ ಬೋರ್‌ವೆಲ್ ಕೊರೆಯುವ ಲಾರಿ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತದೆ. ಓದುಗರು ಕೇಳುವ ಪ್ರಶ್ನೆಗಳು ಮಾತ್ರ ಹೆಚ್ಚು ಬದಲಾಗುವುದಿಲ್ಲ. ಅವುಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ.

ನಮ್ಮದು ಮುಖ್ಯರಸ್ತೆಯ ಮನೆ. ಹಲವು ವರ್ಷಗಳಿಂದ ಲಾರಿ, ಬಸ್ಸುಗಳ ಸದ್ದು ಅಭ್ಯಾಸವಾಗಿದೆ. ನಿದ್ದೆಯೂ ಬರುತ್ತದೆ. ಇನ್ನೇನು ತೊಂದರೆ?

ನಿದ್ದೆ ಬರುತ್ತದೆ ಎಂದರೆ ಮನಸ್ಸು ಆ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಟ್ಟಿದೆ ಎಂದಷ್ಟೇ ಅರ್ಥ. ದೇಹ ಬಿಟ್ಟಿರುವುದಿಲ್ಲ. ಮಲಗಿದಾಗಲೂ ಕಿವಿ ಕೇಳುತ್ತಲೇ ಇರುತ್ತದೆ. ಮಿದುಳಿನಲ್ಲಿ ಅಪಾಯವನ್ನು ಗುರುತಿಸುವ ಭಾಗಕ್ಕೆ ಆ ಸುದ್ದಿ ಮುಟ್ಟುತ್ತದೆ, ಒತ್ತಡದ ಹಾರ್ಮೋನುಗಳಾದ ಅಡ್ರಿನಲಿನ್ ಮತ್ತು ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತವೆ, ನಾಡಿ ಒಂದಿಷ್ಟು ಏರುತ್ತದೆ, ಗಾಢ ನಿದ್ದೆ ತೆಳುವಾಗುತ್ತದೆ. ಇಷ್ಟೆಲ್ಲ ಆದರೂ ಎಚ್ಚರವಾಗಬೇಕೆಂದಿಲ್ಲ. ಬೆಳಿಗ್ಗೆ ಎದ್ದವರಿಗೆ ರಾತ್ರಿ ಹಾದುಹೋದ ಒಂದು ಲಾರಿಯ ನೆನಪೂ ಇರುವುದಿಲ್ಲ. ‘ಚೆನ್ನಾಗಿ ಮಲಗಿದ್ದೆ, ಆದರೂ ಮೈ ಭಾರ’ ಎನ್ನುತ್ತಾರೆ.

2013ರಲ್ಲಿ ಪ್ರಕಟವಾದ ಜರ್ಮನಿಯ ಮೈಂಜ್ ನಗರದ ಒಂದು ಅಧ್ಯಯನ ಇದನ್ನು ನೇರವಾಗಿ ಪರೀಕ್ಷಿಸಿತು. ಆರೋಗ್ಯವಂತರಾದ 75 ಮಂದಿಗೆ ರಾತ್ರಿ ಮಲಗಿದಾಗ ವಿಮಾನಗಳ ಧ್ವನಿಮುದ್ರಣ ಕೇಳಿಸಲಾಯಿತು. ಬೆಳಿಗ್ಗೆ ನೋಡಿದಾಗ ಅವರ ರಕ್ತನಾಳಗಳು ಅಗತ್ಯಕ್ಕೆ ತಕ್ಕಂತೆ ಹಿಗ್ಗುವ ಗುಣ ಕುಗ್ಗಿತ್ತು, ಅಡ್ರಿನಲಿನ್ ಹೆಚ್ಚಿತ್ತು. ಒಂದು ರಾತ್ರಿಯ ಪರಿಣಾಮ ಮರುದಿನ ಸರಿಹೋಗಬಹುದು. ವರ್ಷಗಟ್ಟಲೆ ಪ್ರತಿ ರಾತ್ರಿಯೂ ಹೀಗೇ ಆದರೆ ಏರು ರಕ್ತದೊತ್ತಡ, ಹೃದಯದ ಕಾಯಿಲೆ, ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಪಶ್ಚಿಮ ಯುರೋಪಿನಲ್ಲಿ ವಾಹನ ಸಂಚಾರದ ಸದ್ದೊಂದರಿಂದಲೇ ವರ್ಷಕ್ಕೆ ಕನಿಷ್ಠ 10 ಲಕ್ಷ ಆರೋಗ್ಯವಂತ ಜೀವನವರ್ಷಗಳು ನಷ್ಟವಾಗುತ್ತಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಅಂದಾಜು ಮಾಡಿತ್ತು. ಹಾರ್ನ್ ಒತ್ತುವುದನ್ನೇ ಅಸಭ್ಯವೆಂದು ಭಾವಿಸುವ ಊರುಗಳ ಲೆಕ್ಕವಿದು ಎಂಬುದು ನೆನಪಿರಲಿ.

ಮನೆ ಬದಲಿಸಲು ಆಗದಿದ್ದರೆ ಮಲಗುವ ಕೋಣೆಯನ್ನಾದರೂ ಬದಲಿಸಿ. ರಸ್ತೆಗೆ ಬೆನ್ನು ಮಾಡಿದ ಕೋಣೆ ಚಿಕ್ಕದಾದರೂ ಅದೇ ಮೇಲು.

60 ಡೆಸಿಬಲ್‌ಗೂ 70ಕ್ಕೂ ಹತ್ತೇ ವ್ಯತ್ಯಾಸ ತಾನೆ?

ಸದ್ದಿನ ಜೋರನ್ನು ಅಳೆಯುವ ಮಾನವಾದ ಡೆಸಿಬಲ್ ಕೂಡುತ್ತಾ ಹೋಗುವ ಲೆಕ್ಕವಲ್ಲ, ಗುಣಿಸುತ್ತಾ ಹೋಗುವ ಲೆಕ್ಕ. ಹತ್ತು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಇಪ್ಪತ್ತು ಏರಿದರೆ ನೂರು ಪಟ್ಟು. ಕಿವಿಗೆ ಮಾತ್ರ ಹತ್ತು ಡೆಸಿಬಲ್ ಏರಿಕೆ ಸುಮಾರು ಎರಡರಷ್ಟು ಜೋರಾಗಿ ಕೇಳುತ್ತದೆ. ಶಕ್ತಿ ಹತ್ತು ಪಟ್ಟು, ಅನುಭವ ಎರಡು ಪಟ್ಟು. ಅಪಾಯ ನಮಗೆ ಯಾವಾಗಲೂ ಕಡಿಮೆಯಾಗಿ ಕಾಣುವುದು ಇದರಿಂದಲೇ.

ಎಷ್ಟು ಜೋರು, ಎಷ್ಟು ಹೊತ್ತು ಕೇಳಬಹುದು?

85 ಡೆಸಿಬಲ್ ಆದರೆ ದಿನಕ್ಕೆ ಎಂಟು ಗಂಟೆ. ಅಲ್ಲಿಂದ ಮುಂದೆ ಪ್ರತಿ ಮೂರು ಡೆಸಿಬಲ್‌ಗೆ ಸಮಯ ಅರ್ಧವಾಗುತ್ತದೆ: 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು, 100ಕ್ಕೆ ಕಾಲು ಗಂಟೆ. ಡಿಜೆ ಪೆಟ್ಟಿಗೆಯ ಮುಂದೆ ಕುಣಿಯುವವರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಅಳೆಯಲು ಯಂತ್ರ ಬೇಕೆಂದಿಲ್ಲ. ಒಂದು ತೋಳಿನಷ್ಟು ದೂರದಲ್ಲಿ ನಿಂತವರಿಗೆ ಕೇಳಿಸಲು ನೀವು ದನಿ ಏರಿಸಲೇಬೇಕಾಗಿದ್ದರೆ ಅಲ್ಲಿ 85ರ ಆಸುಪಾಸು ಇದೆ ಎಂದು ತಿಳಿಯಿರಿ. ಮೊಬೈಲ್ ಆ್ಯಪ್‌ಗಳು ಅಂದಾಜಿಗೆ ಪರವಾಗಿಲ್ಲ, ದೂರಿಗೆ ಸಾಕ್ಷ್ಯವಾಗುವಷ್ಟು ನಿಖರವಲ್ಲ.

ಇಂಪಾದ ಸಂಗೀತ ಎಷ್ಟು ಜೋರಾದರೂ ಕಿವಿಗೆ ಹಾನಿ ಇಲ್ಲವಂತೆ. ನಿಜವೇ?

ಸುಳ್ಳು. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಆಕಾರದ ಒಂದು ಅಂಗವಿದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿರುತ್ತವೆ. ಸದ್ದಿನ ಅಲೆ ಬಂದಾಗ ಅವು ಬಾಗಿ ನರಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲೆ ಅತಿಯಾದರೆ ಜಜ್ಜಿಹೋಗುತ್ತವೆ, ಸಾಯುತ್ತವೆ. ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಆ ಕೋಶಕ್ಕೆ ಮಂಗಳವಾದ್ಯ ಯಾವುದು, ಜನರೇಟರ್ ಯಾವುದು ಎಂಬ ಭೇದ ತಿಳಿಯದು. ನಾದಸ್ವರ, ಚೆಂಡೆ, ಡೊಳ್ಳು ಹತ್ತಿರದಿಂದ ಕೇಳಿದರೆ ಕಾರ್ಖಾನೆಯ ಯಂತ್ರಕ್ಕೆ ಸಮನಾಗಿ ನಿಲ್ಲುತ್ತವೆ. ಕಲಾವಿದರ ಕಿವಿಗಳೇ ಮೊದಲು ಪೆಟ್ಟು ತಿನ್ನುತ್ತವೆ. ನಮ್ಮಲ್ಲಿ ಈ ಮಾತನ್ನು ಯಾರೂ ಅವರಿಗೆ ಹೇಳುವುದಿಲ್ಲ.

ಹೀಗಾಗಿ ಎರಡು ಖಾತೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು. ಒಂದು ಕಿವಿಯ ಖಾತೆ: ಅಲ್ಲಿ ನಡೆಯುವುದು ಜೋರು ಮತ್ತು ಸಮಯದ ಲೆಕ್ಕ ಮಾತ್ರ. ಇನ್ನೊಂದು ಮನಸ್ಸು, ಹೃದಯ, ನಿದ್ದೆಯ ಖಾತೆ: ಅಲ್ಲಿ ಸದ್ದು ನಮಗೆ ಬೇಕಾದದ್ದೋ ಬೇಡದ್ದೋ, ನಿಲ್ಲಿಸುವ ಅಧಿಕಾರ ನಮ್ಮ ಕೈಯಲ್ಲಿದೆಯೋ ಇಲ್ಲವೋ ಎಂಬುದಕ್ಕೂ ಬೆಲೆಯಿದೆ. ಈ ವಿಷಯದ ಬಹುಪಾಲು ಗೊಂದಲ ಈ ಎರಡು ಖಾತೆಗಳನ್ನು ಕಲಸುವುದರಿಂದ ಬಂದದ್ದು.

ಮೆಲ್ಲಗೆ ತೊಟ್ಟಿಕ್ಕುವ ನಲ್ಲಿ, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು ಇಷ್ಟೊಂದು ಕಾಡುವುದೇಕೆ? ಮನೆಯವರು ನನಗೇ ತಲೆ ಸರಿಯಿಲ್ಲ ಎನ್ನುತ್ತಾರೆ.

ನಿಮ್ಮ ತಲೆ ಸರಿಯಾಗಿಯೇ ಇದೆ. ಇದು ಎರಡನೆಯ ಖಾತೆಯ ವ್ಯವಹಾರ. ಅಮೆರಿಕದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಎಂಬ ಮನೋವಿಜ್ಞಾನಿಗಳು 1970ರ ದಶಕದ ಆರಂಭದಲ್ಲಿ ಪ್ರಕಟಿಸಿದ ಪ್ರಯೋಗಗಳು ಇಂದಿಗೂ ಹಳತಾಗಿಲ್ಲ. ಜನರನ್ನು ಗದ್ದಲದ ಕೋಣೆಯಲ್ಲಿ ಕೂರಿಸಿ ಕೆಲಸ ಕೊಟ್ಟರು. ಯಾವಾಗ ಬರುತ್ತದೆಂದು ಗೊತ್ತಾಗದ ಸದ್ದು, ಲಯಬದ್ಧವಾಗಿ ಬರುವ ಸದ್ದಿಗಿಂತ ಹೆಚ್ಚು ಹಾಳುಮಾಡಿತು. ಕೆಲವರಿಗೆ ಒಂದು ಗುಂಡಿ ಕೊಟ್ಟು, ‘ತೀರಾ ಕಷ್ಟವಾದರೆ ಒತ್ತಿ, ಸದ್ದು ನಿಲ್ಲುತ್ತದೆ; ಒತ್ತದಿದ್ದರೆ ಒಳ್ಳೆಯದು’ ಎಂದರು. ಹೆಚ್ಚಿನವರು ಒತ್ತಲಿಲ್ಲ. ಆದರೂ ಆಮೇಲೆ ಕೊಟ್ಟ ಒಗಟು ಬಿಡಿಸುವ, ಕರಡು ತಿದ್ದುವ ಕೆಲಸದಲ್ಲಿ ಗುಂಡಿ ಇದ್ದವರೇ ಮುಂದಿದ್ದರು. ನಿಲ್ಲಿಸಬಲ್ಲೆ ಎಂಬ ನಂಬಿಕೆಯೊಂದೇ ಅಷ್ಟು ಕೆಲಸ ಮಾಡಿತು.

ನಮ್ಮ ಮಿಕ್ಸಿಯ ಆರ್ಭಟ ನಮಗೆ ಕಾಡದೆ ಪಕ್ಕದ ಮನೆಯ ಮಿಕ್ಸಿ ಕಾಡುವುದು ಇದರಿಂದ. ಹಾಗಾಗಿ ಮೇಲಿನ ಮನೆಯವರ ಪರಿಚಯ ಮಾಡಿಕೊಳ್ಳುವುದು ಸಣ್ಣ ಮದ್ದಲ್ಲ. ಕುರ್ಚಿಯ ಕಾಲಿಗೆ ರಬ್ಬರ್ ಬಿರಡೆ ಹಾಕಿಕೊಡುತ್ತೀರಾ ಎಂದು ಕೇಳುವಷ್ಟು ಸಲುಗೆ ಬೆಳೆದರೆ ಅರ್ಧ ಸಿಟ್ಟು ಅಲ್ಲಿಗೇ ಇಳಿಯುತ್ತದೆ.

ಅಗಿಯುವ, ಗುಟುಕರಿಸುವ, ಪೆನ್ನು ಕುಟ್ಟುವಂತಹ ಕೆಲವೇ ಸದ್ದುಗಳಿಗೆ ಕೋಪ ಉಕ್ಕಿ, ಊಟಕ್ಕೆ ಜೊತೆಗೆ ಕೂರಲಾಗದ ಮಟ್ಟ ಮುಟ್ಟಿದ್ದರೆ ಅದು ಬೇರೆ. ಮಿಸೋಫೋನಿಯಾ ಎಂಬ ಹೆಸರಿನ ಸ್ಥಿತಿ ಅದು. ಮನೋವೈದ್ಯರಿಗೋ ಶ್ರವಣ ತಜ್ಞರಿಗೋ ತೋರಿಸುವುದು ಒಳ್ಳೆಯದು.

ಮನೆಯಲ್ಲೇ ಪವರ್‌ಲೂಮ್ ಇದೆ. ಹುಟ್ಟಿದಾಗಿನಿಂದ ಕೇಳಿದ ಸದ್ದು. ಅದಕ್ಕೂ ಮುಂಜಾಗ್ರತೆ ಬೇಕೆ?

ಬೇಕು. ದೊಡ್ಡಬಳ್ಳಾಪುರದಂತಹ ಊರಿನಲ್ಲಿ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನದರಲ್ಲಿ ಸಂಸಾರ. ಮಗ್ಗದ ಕೋಣೆಯಲ್ಲಿ 90 ಡೆಸಿಬಲ್ ದಾಟುವುದು ಸಾಮಾನ್ಯ. ಲಾಳಿ ಅತ್ತಿಂದಿತ್ತ ಬಡಿಯುವಾಗ ನೇಯುವವರು ಮಾತಾಡುವುದಿಲ್ಲ, ಕೈಸನ್ನೆ ಮಾಡುತ್ತಾರೆ, ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೂ ದನಿ ಏರಿಸಿಯೇ ಮಾತಾಡುತ್ತಾರೆ, ಟಿವಿ ಜೋರಾಗಿರುತ್ತದೆ. ನಮ್ಮ ಜನರ ಸ್ವಭಾವವೇ ಹೀಗೆ ಎಂದು ನಗುತ್ತಾರೆ. ಸ್ವಭಾವವಲ್ಲ, ಕಿವಿ ಸವೆದಿದೆ. ಸದ್ದಿನಿಂದಾಗುವ ಕಿವುಡು ಮೊದಲು ಹಿಡಿಯುವುದು 4,000 ಹರ್ಟ್ಸ್ (ಸೆಕೆಂಡಿಗೆ 4,000 ಕಂಪನ) ಆಸುಪಾಸಿನ ಎತ್ತರದ ಸ್ವರಗಳನ್ನು. ಆದ್ದರಿಂದ ಮಾತು ಕೇಳುತ್ತದೆ, ಆದರೆ ಸ, ಶ, ಫದಂತಹ ವ್ಯಂಜನಗಳು ಜಾರುತ್ತವೆ. ‘ಕೇಳಿಸುತ್ತದೆ, ಅರ್ಥವಾಗುವುದಿಲ್ಲ’ ಎಂಬ ದೂರು ಶುರುವಾಯಿತೆಂದರೆ ತಡಮಾಡದೆ ಪರೀಕ್ಷೆ ಮಾಡಿಸಬೇಕು.

ಮಗ್ಗದ ಕಾಲಿನ ಕೆಳಗೆ ದಪ್ಪ ರಬ್ಬರ್ ಹಾಸು ಹಾಕಿದರೆ ಅದುರುವಿಕೆ ಪಕ್ಕದ ಗೋಡೆಗೆ ಹೋಗುವುದು ಕಡಿಮೆಯಾಗುತ್ತದೆ. ತೊಟ್ಟಿಲನ್ನು ಆ ಗೋಡೆಯಿಂದ ದೂರ ಇಡಿ.

ಹತ್ತಿ ತುರುಕಿಕೊಂಡರೆ ಸಾಲದೇ?

ಸಾಲದು. ಹತ್ತಿ ತಡೆಯುವ ಸದ್ದು ತೀರಾ ಕಡಿಮೆ. ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್ ಪ್ಲಗ್ ಅಗ್ಗ, ಆದರೆ ಬಹಳ ಮಂದಿ ಅದನ್ನು ಕಿವಿಯ ಬಾಯಲ್ಲಿ ಸಿಕ್ಕಿಸಿಕೊಂಡು ಸುಮ್ಮನಾಗುತ್ತಾರೆ. ಹಾಕುವ ಕ್ರಮವಿದೆ. ಕೈ ತೊಳೆದುಕೊಂಡು, ಬೆರಳುಗಳ ನಡುವೆ ಬತ್ತಿ ಹೊಸೆದಂತೆ ಹೊಸೆದು ತೆಳ್ಳಗೆ ಮಾಡಬೇಕು. ಬಲಗಿವಿಗಾದರೆ ಎಡಗೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಆಗ ನಾಳ ನೇರವಾಗುತ್ತದೆ. ಪ್ಲಗ್ ಒಳಗೆ ತೂರಿಸಿ, ಅದು ಉಬ್ಬಿ ತುಂಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಸರಿಯಾಗಿ ಕೂತರೆ ನಿಮ್ಮ ದನಿಯೇ ನಿಮಗೆ ಗುಡಾಣದೊಳಗಿಂದ ಬಂದಂತೆ ಕೇಳುತ್ತದೆ. ಕಿವಿ ಸೋರುತ್ತಿದ್ದರೆ ಹಾಕಬೇಡಿ.

ಗದ್ದಲ ಮಕ್ಕಳ ಓದಿಗೆ ನಿಜವಾಗಿಯೂ ಅಡ್ಡಿಯೇ? ನಾವೆಲ್ಲ ಸಂತೆ ಗಲಾಟೆಯಲ್ಲೇ ಓದಿದವರು.

ಅಡ್ಡಿಯೇ. 1975ರಲ್ಲಿ ಅರ್ಲೀನ್ ಬ್ರಾನ್ಜಾಫ್ಟ್ ಮತ್ತು ಸಂಗಡಿಗರು ನ್ಯೂಯಾರ್ಕಿನ ಒಂದು ಶಾಲೆಯನ್ನು ನೋಡಿದರು. ಕಟ್ಟಡದ ಒಂದು ಪಕ್ಕದಲ್ಲಿ ಎತ್ತರದ ಹಳಿಯ ಮೇಲೆ ರೈಲು ಓಡುತ್ತಿತ್ತು, ಇನ್ನೊಂದು ಪಕ್ಕ ಶಾಂತವಾಗಿತ್ತು. ಅದೇ ಶಾಲೆ, ಆದರೂ ರೈಲಿನ ಪಕ್ಕದ ತರಗತಿಯ ದೊಡ್ಡ ಮಕ್ಕಳು ಓದಿನಲ್ಲಿ ಸುಮಾರು ಒಂದು ವರ್ಷದಷ್ಟು ಹಿಂದಿದ್ದರು. ಆಮೇಲೆ ಹಳಿಗೆ ರಬ್ಬರ್ ಮೆತ್ತೆ, ತರಗತಿಗಳಿಗೆ ಸದ್ದು ಹೀರುವ ಛಾವಣಿ ಹಾಕಿದರು. ಅಂತರ ಮಾಯವಾಯಿತು.

ಮ್ಯೂನಿಕ್‌ನದು ಇನ್ನೂ ಗಟ್ಟಿ ಸಾಕ್ಷ್ಯ. 1992ರಲ್ಲಿ ಅಲ್ಲಿನ ವಿಮಾನ ನಿಲ್ದಾಣ ಹಳೆಯ ಜಾಗದಿಂದ ಹೊಸ ಜಾಗಕ್ಕೆ ಹೋಯಿತು. ಸಂಶೋಧಕರು ಎರಡೂ ಕಡೆಯ ಮಕ್ಕಳನ್ನು ಮೊದಲೂ ಆಮೇಲೂ ಪರೀಕ್ಷಿಸಿದರು. ಹೊಸ ನಿಲ್ದಾಣದ ಬಳಿಯ ಮಕ್ಕಳ ಓದು ಮತ್ತು ದೀರ್ಘಕಾಲದ ನೆನಪು ಕುಸಿಯಿತು. ಹಳೆಯ ನಿಲ್ದಾಣದ ಬಳಿಯವರದು ಸುಧಾರಿಸಿತು. ಹೋದದ್ದು ಹಿಂದಿರುಗುತ್ತದೆ ಎಂಬುದೇ ಇಲ್ಲಿನ ಒಳ್ಳೆಯ ಸುದ್ದಿ.

ನಾವು ಗಲಾಟೆಯಲ್ಲೇ ಓದಿದೆವು, ಸರಿ. ಗಲಾಟೆ ಇಲ್ಲದಿದ್ದರೆ ಇನ್ನೆಷ್ಟು ಓದುತ್ತಿದ್ದೆವೋ!

ಡಿಜೆ ಕೇಳಿ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಲೇ?

ಬೇಡ. ಪೆಟ್ಟು ಬಿದ್ದಿರುವುದು ಒಳಕಿವಿಗೆ, ಎಣ್ಣೆ ನಿಲ್ಲುವುದು ತಮಟೆಯ ಈಚೆ. ತಮಟೆ ಹರಿದಿದ್ದರೆ ಎಣ್ಣೆಯಿಂದ ಸೋಂಕು ತಗಲಬಹುದು. ಶಾಂತವಾದ ಜಾಗದಲ್ಲಿ ಕಿವಿಗೆ ವಿಶ್ರಾಂತಿ ಕೊಡಿ. ಒಂದು ದಿನ ಕಳೆದರೂ ಗುಂಯ್ ನಿಲ್ಲದಿದ್ದರೆ ವೈದ್ಯರನ್ನು ನೋಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದು ತುರ್ತು ಪರಿಸ್ಥಿತಿ, ಅದೇ ದಿನ ಹೋಗಿ. ಮೊದಲ ಕೆಲವು ದಿನಗಳಲ್ಲಿ ಶುರುಮಾಡಿದ ಚಿಕಿತ್ಸೆಗೆ ಫಲ ಹೆಚ್ಚು. ಮೇಣ ಕಟ್ಟಿರಬೇಕೆಂದು ವಾರಗಟ್ಟಲೆ ಕಾದು ಕಿವಿ ಕಳೆದುಕೊಂಡವರಿದ್ದಾರೆ.

ಸಂಗೀತ ಕೇಳಿದರೆ ಬಿಪಿ ಇಳಿಯುತ್ತದೆ, ಒಂದೊಂದು ರಾಗಕ್ಕೆ ಒಂದೊಂದು ಕಾಯಿಲೆ ವಾಸಿಯಾಗುತ್ತದೆ ಎನ್ನುತ್ತಾರೆ.

ಮೊದಲ ಭಾಗದಲ್ಲಿ ಹುರುಳಿದೆ, ಎರಡನೆಯದರಲ್ಲಿ ಇಲ್ಲ. ಶಸ್ತ್ರಚಿಕಿತ್ಸೆಗೆ ಒಳಗಾದವರ ಮೇಲೆ ನಡೆದ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಮರ್ಶೆಯ ಪ್ರಕಾರ, ಸಂಗೀತ ಕೇಳಿದವರಲ್ಲಿ ನೋವು, ಆತಂಕ, ನೋವಿನ ಮಾತ್ರೆಯ ಬಳಕೆ ಎಲ್ಲವೂ ಕಡಿಮೆಯಾಗಿದ್ದವು. ಹೆಲ್ಸಿಂಕಿಯಲ್ಲಿ 2008ರ ಅಧ್ಯಯನವೊಂದರಲ್ಲಿ ಪಾರ್ಶ್ವವಾಯು ಆದವರು ತಮಗಿಷ್ಟವಾದ ಹಾಡುಗಳನ್ನು ದಿನವೂ ಕೇಳಿದರು. ಧ್ವನಿಪುಸ್ತಕ ಕೇಳಿದವರಿಗಿಂತ, ಏನೂ ಕೇಳದವರಿಗಿಂತ ಅವರ ಮಾತಿನ ನೆನಪು ಮತ್ತು ಗಮನಶಕ್ತಿ ಚೆನ್ನಾಗಿ ಮರಳಿತು. ಮಾತು ನಿಂತುಹೋದವರಿಗೆ ಹಾಡಿನ ಮೂಲಕ ಮಾತು ಕಲಿಸುವುದು, ಪಾರ್ಕಿನ್ಸನ್ ಕಾಯಿಲೆಯವರಿಗೆ ತಾಳದ ಮೇಲೆ ನಡಿಗೆ ಕಲಿಸುವುದು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ.

ಇಂತಿಂಥ ರಾಗಕ್ಕೆ ಇಂತಿಂಥ ರೋಗ ಎಂಬ ಪಟ್ಟಿ ಮಾತ್ರ ವಾಟ್ಸ್ಆ್ಯಪ್‌ನಲ್ಲಿ ಓಡಾಡುವಷ್ಟು ಪ್ರಯೋಗಶಾಲೆಯಲ್ಲಿ ಓಡಾಡಿಲ್ಲ. ನೀಲಾಂಬರಿ ಕೇಳಿ ನಿದ್ದೆ ಬಂದರೆ ಸಂತೋಷ. ಬಿಪಿ ಮಾತ್ರೆ ನಿಲ್ಲಿಸಬೇಡಿ.

ಹಾಗಾದರೆ ಯಾವ ಸಂಗೀತ ಕೇಳಬೇಕು?

ಇಟಲಿಯ ಪಾವಿಯಾದ ವೈದ್ಯ ಲೂಚಿಯಾನೊ ಬೆರ್ನಾರ್ಡಿ 2006ರಲ್ಲಿ ಇದನ್ನೇ ಕೇಳಲು ಹೊರಟಿದ್ದರು. 24 ಮಂದಿಗೆ, ಅವರಲ್ಲಿ ಅರ್ಧ ಸಂಗೀತಗಾರರು, ನಮ್ಮ ರಾಗಸಂಗೀತವೂ ಸೇರಿ ಆರು ಬಗೆಯ ಸಂಗೀತ ಕೇಳಿಸಿದರು. ಶೈಲಿಗಿಂತ ಮುಖ್ಯವಾದದ್ದು ಗತಿ. ದ್ರುತಗತಿಗೆ ಉಸಿರು, ನಾಡಿ, ರಕ್ತದೊತ್ತಡ ಏರಿದವು. ಅಚ್ಚರಿ ಕಂಡದ್ದು ಬೇರೆಡೆ. ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿದ್ದರು. ಆ ವಿರಾಮದಲ್ಲಿ ಅವೆಲ್ಲ ಪ್ರಯೋಗ ಶುರುವಾಗುವ ಮುಂಚಿನದಕ್ಕಿಂತಲೂ ಕೆಳಗಿಳಿದವು. ಹಾಡಿಗಿಂತ ಹಾಡು ನಿಂತ ಮೇಲಿನ ಮೌನ ಹೆಚ್ಚು ತಣಿಸಿತು.

ಆದ್ದರಿಂದ ನನ್ನ ಸಲಹೆ ಇಷ್ಟೇ: ವಿಳಂಬದಲ್ಲಿರುವ, ನಿಮಗೆ ಇಷ್ಟವಾದ ಯಾವುದನ್ನಾದರೂ ಕೇಳಿ, ಮುಗಿದ ಕೂಡಲೇ ಮುಂದಿನದಕ್ಕೆ ಹಾರಬೇಡಿ. ಒಂದಾದ ಮೇಲೊಂದು ಹಾಡು ತಾನಾಗಿಯೇ ಬರುವ ಸೌಲಭ್ಯವನ್ನು ನಿಲ್ಲಿಸಿಡಿ. ಇಷ್ಟವಿಲ್ಲದ್ದನ್ನು ಒಳ್ಳೆಯದೆಂದು ಕೇಳುವುದು ಹಾಗಲಕಾಯಿ ರಸ ಕುಡಿದಂತೆ, ಇಲ್ಲಿ ಅದರ ಫಲವೂ ಇಲ್ಲ.

ಮಂತ್ರ, ಭಜನೆ?

ಅದೇ ಬೆರ್ನಾರ್ಡಿಯವರ 2001ರ ಅಧ್ಯಯನದಲ್ಲಿ ಲ್ಯಾಟಿನ್ ಜಪಮಾಲೆ ಪ್ರಾರ್ಥನೆ ಮತ್ತು ‘ಓಂ ಮಣಿ ಪದ್ಮೇ ಹುಂ’ ಎರಡೂ ಉಸಿರಾಟವನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿದವು. ಹೃದಯದ ಲಯ ಹದಗೊಳ್ಳಲು ಆ ಗತಿ ಅನುಕೂಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನ, ಓಂ ಉಚ್ಚರಿಸುವಾಗ ಭಾವನೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳ ಚಟುವಟಿಕೆ ತಗ್ಗುವುದನ್ನು ಸ್ಕ್ಯಾನ್‌ನಲ್ಲಿ ಕಂಡಿತು. ‘ಸ್ಸ್’ ಎಂದಾಗ ಹಾಗಾಗಲಿಲ್ಲ. ಸ್ವೀಡನ್ನಿನಲ್ಲಿ 2013ರಲ್ಲಿ, ಒಟ್ಟಿಗೆ ಹಾಡುವವರ ಹೃದಯಬಡಿತ ಒಂದೇ ಲಯಕ್ಕೆ ಬರುವುದನ್ನು ಅಳೆದು ತೋರಿಸಿದರು. ಭಜನಾ ಮಂಡಳಿಯ ಹಿರಿಯರಿಗೆ ಇದು ಹೊಸ ಸುದ್ದಿಯೇನಲ್ಲ. ಈ ಯಾವ ಪ್ರಯೋಗಕ್ಕೂ ಮೈಕ್ ಬೇಕಾಗಿರಲಿಲ್ಲ ಎಂಬುದನ್ನೂ ಗಮನಿಸಿ.

432 ಹರ್ಟ್ಸ್‌ಗೆ ಶ್ರುತಿ ಮಾಡಿದ ಸಂಗೀತ ಜೀವಕೋಶಗಳನ್ನು ರಿಪೇರಿ ಮಾಡುತ್ತದೆಯೇ?

ಇಲ್ಲ.

ಗರ್ಭಿಣಿಯ ಹೊಟ್ಟೆಗೆ ಹೆಡ್‌ಫೋನ್ ಇಟ್ಟು ಮೊಜಾರ್ಟ್ ಕೇಳಿಸಿದರೆ ಮಗು ಬುದ್ಧಿವಂತವಾಗುತ್ತದೆಯೇ?

ಈ ಕಥೆಯ ಮೂಲ 1993ರ ಒಂದು ಪ್ರಯೋಗ. ಅದರಲ್ಲಿದ್ದದ್ದು ಕಾಲೇಜು ವಿದ್ಯಾರ್ಥಿಗಳು, ಶಿಶುಗಳಲ್ಲ. ಹತ್ತು ನಿಮಿಷ ಮೊಜಾರ್ಟ್ ಕೇಳಿದ ಮೇಲೆ ಆಕಾರಗಳನ್ನು ಊಹಿಸುವ ಲೆಕ್ಕದಲ್ಲಿ ತುಸು ಮುಂದಿದ್ದರು. ಕಾಲು ಗಂಟೆಯಲ್ಲಿ ಆ ಲಾಭ ಕರಗಿತು. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ನವಜಾತ ಶಿಶುಗಳಿಗೆಲ್ಲ ಸಂಗೀತದ ಧ್ವನಿಮುದ್ರಿಕೆ ಹಂಚಲು ಹೊರಟಾಗ ಕಥೆ ಜಗತ್ತಿಗೆಲ್ಲ ಹಬ್ಬಿತು. ಗರ್ಭದ ಮಗುವಿಗೆ ಆರನೆಯ ತಿಂಗಳ ಹೊತ್ತಿಗೆ ತಾಯಿಯ ದನಿ ಕೇಳಲು ಶುರುವಾಗುತ್ತದೆ. ಹೆಡ್‌ಫೋನ್‌ನ ಅಗತ್ಯವಿಲ್ಲ.

ಜೋಗುಳದ ಬದಲು ‘ಶ್’ ಎನ್ನುವ ಸದ್ದಿನ ಯಂತ್ರ ಇಡಬಹುದೇ?

ದೂರದಲ್ಲಿ, ಮೆಲ್ಲಗೆ, ಮಗು ಮಲಗುವವರೆಗೆ ಮಾತ್ರ. ಟೊರಾಂಟೊದಲ್ಲಿ ಇಂತಹ 14 ಯಂತ್ರಗಳನ್ನು ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. ಪೂರ್ತಿ ಜೋರಿನಲ್ಲಿ ಹತ್ತಿರದಿಂದ ಅಳೆದಾಗ ಮೂರು ಯಂತ್ರಗಳು 85 ಡೆಸಿಬಲ್ ದಾಟಿದ್ದವು. ಜೋಗುಳದ ಪರವಾಗಿ ಹೇಳಬೇಕಾದದ್ದೂ ಇದೆ. ಅಮೆರಿಕದ 11 ಆಸ್ಪತ್ರೆಗಳಲ್ಲಿ ಅವಧಿಗೆ ಮುನ್ನ ಹುಟ್ಟಿದ 272 ಶಿಶುಗಳ ಮೇಲೆ ನಡೆದ 2013ರ ಅಧ್ಯಯನದಲ್ಲಿ, ತಂದೆತಾಯಿಗೆ ಇಷ್ಟವಾದ ಹಾಡನ್ನು ಎದುರಿಗೇ ಹಾಡಿದಾಗ ಶಿಶುವಿನ ಹೃದಯಬಡಿತ ನಿಧಾನವಾಯಿತು, ಹಾಲು ಕುಡಿಯುವುದು ಸುಧಾರಿಸಿತು, ತಂದೆತಾಯಿಯ ಆತಂಕವೂ ಇಳಿಯಿತು. ಅಪಸ್ವರವಾದರೂ ಹಾಡಿ, ಮಗು ವಿಮರ್ಶೆ ಬರೆಯುವುದಿಲ್ಲ.

ಹಕ್ಕಿ, ಮಳೆ, ತೊರೆಯ ಸದ್ದಿಗೆ ನಿಜವಾಗಿಯೂ ಗುಣವಿದೆಯೇ?

ಇದೆ. ಹಲವು ಅಧ್ಯಯನಗಳನ್ನು ಒಟ್ಟು ಮಾಡಿದ 2021ರ ಒಂದು ವಿಶ್ಲೇಷಣೆ, ನೀರಿನ ಸದ್ದು ಮನಸ್ಸಿನ ಉಲ್ಲಾಸಕ್ಕೂ ಹಕ್ಕಿಯ ದನಿ ಒತ್ತಡ ಇಳಿಸಲಿಕ್ಕೂ ಮೇಲೆಂದು ಕಂಡುಕೊಂಡಿತು. ಮಲೆನಾಡಿನಲ್ಲಿ ಮಳೆಗಾಲ ಕಳೆದವರು ಒಂದು ತಕರಾರು ತೆಗೆಯಬಹುದು: ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ಪಕ್ಕದವರ ಮಾತೇ ಕೇಳಿಸದು, ಜೀರುಂಡೆ ಕಿವಿ ಕೊರೆಯುತ್ತದೆ. ಒಪ್ಪಿದೆ.

ಇಯರ್‌ಫೋನ್‌ನಲ್ಲಿ ಎಷ್ಟು ಹೊತ್ತು?

ದೊಡ್ಡವರಿಗೆ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75ರಲ್ಲಿ ಅಷ್ಟೇ ಗಂಟೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತೊಂದರೆ ಶುರುವಾಗುವುದು ಬಸ್ಸಿನಲ್ಲಿ. ಹೊರಗಿನ ಗದ್ದಲವನ್ನು ಮೀರಿಸಲು ಜೋರು ಏರಿಸುತ್ತೇವೆ, ಇಳಿದ ಮೇಲೆ ತಗ್ಗಿಸುವುದನ್ನು ಮರೆಯುತ್ತೇವೆ. ಪಕ್ಕದ ಸೀಟಿನವರಿಗೆ ನಿಮ್ಮ ಹಾಡು ಕೇಳಿಸುತ್ತಿದ್ದರೆ ಮಿತಿ ದಾಟಿದೆ ಎಂದೇ ಲೆಕ್ಕ.

ರಾತ್ರಿ ಮೈಕ್ ಹಾಕಿದರೆ ಕಾನೂನು ಏನು ಹೇಳುತ್ತದೆ?

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಇಡೀ ದೇಶಕ್ಕೆ ಅನ್ವಯ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ರಾಜ್ಯ ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು, ಅಲ್ಲಿ 50 ಮತ್ತು 40. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ನಿಷಿದ್ಧ. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಸೂಚಿಸಿದ ರಸ್ತೆ ಸದ್ದಿನ ರಾತ್ರಿಯ ಮಿತಿಯೂ 45. ಅಂದರೆ ಕಾಗದದ ಮೇಲೆ ನಾವು ಹಿಂದೆ ಬಿದ್ದಿಲ್ಲ. ಬೆಂಗಳೂರು ಸೇರಿದಂತೆ ಏಳು ಮಹಾನಗರಗಳಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ ಕೇಂದ್ರಗಳೂ ಇವೆ. ಅಳೆಯುವುದರಲ್ಲಿ ನಾವು ಜಾಣರು, ಸದ್ದು ನಿಲ್ಲಿಸುವುದರಲ್ಲಿ ಅಲ್ಲ.

ಕರ್ನಾಟಕದಲ್ಲಿ ದೂರಿಗೆ 112ಕ್ಕೆ ಕರೆ ಮಾಡಿ. ದಿನಾಂಕ, ಸಮಯ, ಜಾಗ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ರೋಗಿಯೋ ಬಾಣಂತಿಯೋ ಇದ್ದರೆ ಅದನ್ನೂ ಹೇಳಿ.

ಮೈಕ್ ಹಾಕುವುದು ನಮ್ಮ ಧಾರ್ಮಿಕ ಹಕ್ಕಲ್ಲವೇ?

ಪ್ರಾರ್ಥನೆ ಹಕ್ಕು, ಧ್ವನಿವರ್ಧಕ ಹಕ್ಕಲ್ಲ. ಧ್ವನಿವರ್ಧಕ ಹಾಕಿಯೇ ಪ್ರಾರ್ಥಿಸಬೇಕೆಂದು ಯಾವ ಧರ್ಮವೂ ವಿಧಿಸಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ, ಚೆನ್ನೈನ ಒಂದು ಚರ್ಚಿನ ಪ್ರಕರಣದಲ್ಲಿ ಹೇಳಿತು. 2005ರ ಜುಲೈ 18ರ ತೀರ್ಪು ಇನ್ನೂ ಮುಂದೆ ಹೋಗಿ, ಶಾಂತವಾಗಿ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನೊಳಗೇ ಬರುತ್ತದೆ ಎಂದಿತು. ಕೇಳಲಿಚ್ಛಿಸದವರ ಕಿವಿಗೆ ಸದ್ದು ತುರುಕುವ ಹಕ್ಕು ಯಾರಿಗೂ ಇಲ್ಲವೆಂಬುದು ಅದರ ಸಾರ.

ಇದರಲ್ಲಿ ನನಗೆ ಸಂಕಟವಾಗುವ ಜಾಗ ಒಂದಿದೆ: ಯಕ್ಷಗಾನ. ಬೆಳಗಿನವರೆಗೆ ನಡೆಯುತ್ತಿದ್ದ ಕರಾವಳಿಯ ಹಲವು ಮೇಳಗಳ ಆಟ ಕಾಲಮಿತಿಗೆ ಬಂದದ್ದಕ್ಕೆ ಈ ನಿಯಮಗಳೂ ಒಂದು ಕಾರಣ. ಆದರೆ ಆ ಕಲೆ ಮೈಕ್ ಇಲ್ಲದ ಕಾಲದಲ್ಲೇ ಬೆಳೆದದ್ದು. ನಿಯಮ ತಡೆಯುವುದು ವಿದ್ಯುತ್ತಿನಿಂದ ಹಿಗ್ಗಿಸಿದ ದನಿಯನ್ನು ಮಾತ್ರವೂ ಅಲ್ಲ, ರಾತ್ರಿ ಹೊತ್ತು ಬಯಲಿನಲ್ಲಿ ವಾದ್ಯಗಳಿಗೂ ಮಿತಿ ಇದೆ. ಗರ್ನಾಲು ಸಿಡಿಸುವ ಮೆರವಣಿಗೆಗೂ ರಾತ್ರಿಯಿಡೀ ಪ್ರಸಂಗ ಕೇಳಲೆಂದೇ ಬಂದು ಕೂತ ಊರಿಗೂ ಒಂದೇ ಅಳತೆಗೋಲು ಸರಿಯೇ ಎಂದು ಕೇಳುವವರ ಜೊತೆ ನಾನೂ ಇದ್ದೇನೆ.

ಕಿವಿ ಪರೀಕ್ಷೆ ಎಲ್ಲಿ, ಯಾವಾಗ ಮಾಡಿಸಬೇಕು?

ಗದ್ದಲದಲ್ಲಿ ಕೆಲಸ ಮಾಡುವವರು ವರ್ಷಕ್ಕೊಮ್ಮೆ. ಉಳಿದವರು ಐವತ್ತರ ನಂತರ ಒಮ್ಮೆಯಾದರೂ. ನಡುವಯಸ್ಸಿನ ಕಿವುಡು ಮುಂದೆ ಮರೆಗುಳಿತನದ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಒಂದು ಎಂಬುದು ಈಗ ವೈದ್ಯಲೋಕ ಒಪ್ಪಿದ ಮಾತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸಕ್ಕೆಂದೇ ಇರುವ ಕೇಂದ್ರ ಸರ್ಕಾರಿ ಸಂಸ್ಥೆ. ಜಿಲ್ಲಾ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗದಲ್ಲೂ ವಿಚಾರಿಸಿ. ಪರೀಕ್ಷೆಗೆ ಹೋಗುವ ಹಿಂದಿನ ದಿನ ಜೋರು ಸದ್ದಿನಿಂದ ದೂರವಿರಿ, ಇಲ್ಲದಿದ್ದರೆ ತಾತ್ಕಾಲಿಕ ಮಂದತೆಯೂ ಫಲಿತಾಂಶದಲ್ಲಿ ಸೇರಿಕೊಳ್ಳುತ್ತದೆ.